ಹಳೆಯ ರೆಕಾರ್ಡ್ ಪ್ಲೇಯರಿನ ಒಡಕು ದನಿ: ಎಲ್ಲಿಂದ ಹುಡುಕಬೇಕು?



ಊರಿನಲ್ಲಿ ಹಳೇ ಮನೆ ಮಾರಿ ಅಪ್ಪ ಅಮ್ಮ ಫ್ಲಾಟಿಗೆ ಬರುವಾಗ ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ಹಿತ್ತಾಳೆ ಹಂಡೆ, ಒರಳುಕಲ್ಲುಗಳ ಜೊತೆ ಒಂದು ರೆಕಾರ್ಡ್ ಪ್ಲೇಯರ್, ಒಂದು ಕಟ್ಟು ರೆಕಾರ್ಡುಗಳೂ ಇರುತ್ತವೆ. ಒರಳುಕಲ್ಲನ್ನು ಯಾರೂ ವಿಮಾನದಲ್ಲಿ ತರುವುದಿಲ್ಲ. ರೆಕಾರ್ಡುಗಳು ಮಾತ್ರ ರೇಷ್ಮೆ ಸೀರೆಗಳ ನಡುವೆ ಅಡಗಿಕೊಂಡು ಅಮೆರಿಕಕ್ಕೆ ಬಂದುಬಿಡುತ್ತವೆ. ನಮ್ಮ ಕೂಟದಲ್ಲಿ ಹೀಗೆ ತಂದವರು ಕಡಿಮೆಯೇನಿಲ್ಲ. ತಂದ ಮೇಲೆ ಶುರುವಾಗುವ ಕಥೆ ಮಾತ್ರ ಎಲ್ಲರ ಮನೆಯಲ್ಲೂ ಒಂದೇ: ದನಿ ಸರಿಯಿಲ್ಲ! ಕರಕರ ಅನ್ನುತ್ತದೆ, ಸೀಳುತ್ತದೆ, ಹಾಡಿದವರ ಗಂಟಲು ಕಟ್ಟಿದಂತೆ ಕೇಳಿಸುತ್ತದೆ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುತ್ತೇನಾದರೂ ಕಾಲೇಜಿನಲ್ಲಿ ಓದಿದ್ದು ಎಲೆಕ್ಟ್ರಾನಿಕ್ಸ್. ಹಾಗಾಗಿ ಇಂಥ ಪೆಟ್ಟಿಗೆಗಳ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕೂರುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಒಂದು ಮುಖ್ಯ ಮಾತು. ದನಿ ಒಡೆಯುತ್ತಿದೆ ಅನ್ನಿಸಿದ ತಕ್ಷಣ ಮುಳ್ಳನ್ನು ಎತ್ತಿಬಿಡಿ. "ಇನ್ನೊಂದು ಸಲ ಹಾಕಿ ನೋಡೋಣ" ಅನ್ನಬೇಡಿ. ಸಿ.ಡಿ. ಪ್ಲೇಯರ್ ಕೆಟ್ಟರೆ ನಮ್ಮ ಕಿವಿಗೆ ಕಷ್ಟ, ಸಿ.ಡಿ.ಗೇನೂ ಆಗುವುದಿಲ್ಲ. ಇಲ್ಲಿ ಹಾಗಲ್ಲ. ರೆಕಾರ್ಡಿನಲ್ಲಿ ಹಾಡು ಇರುವುದು ಸುರುಳಿ ಗೆರೆಯ ಎರಡು ಗೋಡೆಗಳ ಮೇಲೆ. ಸವೆದು ಚಪ್ಪಟೆಯಾದ ಮುಳ್ಳು ಆ ಗೋಡೆಯನ್ನು ಉಳಿಯಂತೆ ಕೆತ್ತುತ್ತದೆ. ಕೆತ್ತಿಹೋದ ಹಾಡು ಕಪ್ಪು ಪುಡಿಯಾಗಿ ಮುಳ್ಳಿನ ತುದಿಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಅದನ್ನು ತಿರುಗಿ ರೆಕಾರ್ಡಿಗೆ ಸೇರಿಸುವ ಉಪಾಯ ಯಾರ ಹತ್ತಿರವೂ ಇಲ್ಲ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಬ್ಯಾಕಪ್ ಇಲ್ಲದ ಫೈಲನ್ನು ದೋಷವಿರುವ ಪ್ರೋಗ್ರಾಮಿನಲ್ಲಿ ತೆರೆದು ಸೇವ್ ಒತ್ತಿದಂತೆ. ಸಿನಿಮಾ ಹಾಡುಗಳಾದರೆ ಇನ್ನೆಲ್ಲಾದರೂ ಸಿಕ್ಕೀತು. ಆದರೆ ನಿಮ್ಮ ಕಟ್ಟಿನಲ್ಲಿ ಕ್ಯಾಸೆಟ್ಟಿಗೂ ಸಿ.ಡಿ.ಗೂ ಬಾರದ ಯಾವುದೋ ಸಂಗೀತ ವಿದ್ವಾಂಸರದೋ ನಾಟಕ ಕಂಪನಿಯದೋ ಪ್ಲೇಟು ಇದ್ದರೆ, ಒಳ್ಳೆಯ ಸ್ಥಿತಿಯಲ್ಲಿ ಉಳಿದಿರುವ ಪ್ರತಿ ಅದೊಂದೇ ಇರಬಹುದು.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಇಲ್ಲಿನ ಥ್ರಿಫ್ಟ್ ಸ್ಟೋರಿನಲ್ಲಿ ಒಂದೆರಡು ಡಾಲರಿಗೆ ಯಾರದೋ ಕ್ರಿಸ್‌ಮಸ್ ಹಾಡುಗಳ ಎಲ್.ಪಿ. ಸಿಗುತ್ತದೆ. ಗೀರಿಲ್ಲದೆ ಫಳಫಳ ಹೊಳೆಯುವುದನ್ನು ಆರಿಸಿ ತನ್ನಿ. ಬಲಿಗೆ ಅದೇ ಇರಲಿ. ಅದೂ ಕರಕರ ಅಂದರೆ ದೋಷ ಯಂತ್ರದ್ದು. ಅದು ಚೆನ್ನಾಗಿದ್ದು ನಿಮ್ಮ ರೆಕಾರ್ಡೊಂದೇ ಒಡೆದರೆ ದೋಷ ಬಹುಪಾಲು ರೆಕಾರ್ಡಿನದು. ಇದೊಂದು ಪರೀಕ್ಷೆಯಿಂದ ಅರ್ಧ ತಲೆನೋವು ಕಳೆಯುತ್ತದೆ.

ಆಮೇಲಿನದು ಕಿವಿಯ ಕೆಲಸ. "ದನಿ ಸರಿಯಿಲ್ಲ" ಅಂದರೆ ಸಾಲದು, ಹೇಗೆ ಸರಿಯಿಲ್ಲ, ಯಾವಾಗ ಸರಿಯಿಲ್ಲ ಅನ್ನುವುದನ್ನು ಗಮನಿಸಬೇಕು. ಹಾಡಿದರೂ ಹಾಡದಿದ್ದರೂ ಗುಂಯ್ ಅನ್ನುವುದು ಅರ್ತಿಂಗ್ ತಂತಿಯ ತೊಂದರೆ. ಪ್ಲೇಯರಿನ ಹಿಂದಿನ ತೆಳು ತಂತಿಯನ್ನು ಆಂಪ್ಲಿಫಯರಿನ ಅರ್ತ್ ಸ್ಕ್ರೂಗೆ ಬಿಗಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಚಟಪಟ ಅನ್ನುವುದು ಧೂಳು, ಗೀರು, ಅದು ಒಡಕಲ್ಲ. ಎಡ ಬಲಗಳಲ್ಲಿ ಒಂದೇ ಕಡೆ ಒಡೆಯುತ್ತಿದ್ದರೆ ಬಹಳ ಒಳ್ಳೆಯದು, ಪತ್ತೆ ಮಾಡುವುದು ಸುಲಭ. ಆಂಪ್ಲಿಫಯರಿನ ಹಿಂದೆ ಕೆಂಪು ಬಿಳಿ ಪಿನ್ನುಗಳನ್ನು ಅದಲು ಬದಲು ಮಾಡಿ. ಒಡಕು ಇನ್ನೊಂದು ಸ್ಪೀಕರಿಗೆ ಹಾರಿದರೆ ತೊಂದರೆ ಪ್ಲೇಯರ್ ಕಡೆ, ಅಲ್ಲೇ ಉಳಿದರೆ ಆಂಪ್ಲಿಫಯರ್ ಅಥವಾ ಸ್ಪೀಕರ್ ಕಡೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಭಾನುವಾರ ಬೆಳಿಗ್ಗೆ ಹುಮ್ಮಸ್ಸಿನಲ್ಲಿ ಬೆಲ್ಟು, ಮುಳ್ಳು, ಕೇಬಲ್ಲು ಎಲ್ಲ ಒಟ್ಟಿಗೆ ಬದಲಿಸಿದರೆ ಸರಿಹೋದದ್ದು ಯಾವುದರಿಂದ, ಹೊಸದಾಗಿ ಕೆಟ್ಟದ್ದು ಯಾವುದರಿಂದ ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ.

ಈಗ ನಮ್ಮಂಥವರಿಗೇ ಮೀಸಲಾದ ಒಂದು ತೊಂದರೆ. ಊರಿನ ಪ್ಲೇಯರಿಗೆ ಬೇಕಾದದ್ದು 230 ವೋಲ್ಟ್, 50 ಸೈಕಲ್ ಕರೆಂಟು. ಇಲ್ಲಿ ಗೋಡೆಯಲ್ಲಿ ಬರುವುದು 120 ವೋಲ್ಟ್, 60 ಸೈಕಲ್. ಇಂಡಿಯನ್ ಅಂಗಡಿಯಲ್ಲಿ ಮಿಕ್ಸಿಗೆಂದು ಮಾರುವ ಟ್ರಾನ್ಸ್‌ಫಾರ್ಮರ್ ತಂದು ಹಾಕಿದರೆ ವೋಲ್ಟೇಜು ಸರಿಹೋಗುತ್ತದೆ, ಸೈಕಲ್ ಸರಿಹೋಗುವುದಿಲ್ಲ. ಯಾವ ಟ್ರಾನ್ಸ್‌ಫಾರ್ಮರೂ ಅದನ್ನು ಬದಲಿಸಲಾರದು. ಹಳೆಯ ಪ್ಲೇಯರುಗಳ ಎ.ಸಿ. ಮೋಟರು ತಿರುಗುವುದು ಈ ಸೈಕಲ್ ಲೆಕ್ಕ ಹಿಡಿದುಕೊಂಡೇ. 50ರ ಜಾಗದಲ್ಲಿ 60 ಕೊಟ್ಟರೆ ಅದು ಶೇಕಡ 20ರಷ್ಟು ಜೋರಾಗಿ ಓಡುತ್ತದೆ. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ಎಲ್.ಪಿ. 40 ಸುತ್ತು ತಿರುಗುತ್ತದೆ. ಶ್ರುತಿ ಹೆಚ್ಚೂಕಡಿಮೆ ಮೂರು ಸ್ವರಸ್ಥಾನ ಮೇಲೇರುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಮೆತ್ತನೆಯ ದನಿ, ಬಸ್ಸು ತಪ್ಪುತ್ತದೆಂದು ಹೆದರಿದ ಹುಡುಗನೊಬ್ಬ ಅವಸರದಲ್ಲಿ ಹಾಡಿದಂತೆ ಆಗುತ್ತದೆ! ಮುಳ್ಳು ಹಳೆಯದಾಗಿದ್ದರಂತೂ ಆ ವೇಗಕ್ಕೆ ಗೆರೆಯಲ್ಲಿ ನಿಲ್ಲಲಾರದೆ ಕರಕರವೂ ಸೇರಿಕೊಳ್ಳುತ್ತದೆ.

ಇದನ್ನು ಪತ್ತೆ ಮಾಡಲು ಯಾವ ಉಪಕರಣವೂ ಬೇಡ. ರೆಕಾರ್ಡಿನ ಲೇಬಲ್ ಮೇಲೆ ಒಂದು ಚೂರು ಬಣ್ಣದ ಕಾಗದ ಇಟ್ಟು, ಗಡಿಯಾರ ನೋಡುತ್ತ ಮೂರು ನಿಮಿಷ ಸುತ್ತು ಎಣಿಸಿ. 33⅓ರ ಮೂರರಷ್ಟು ಸರಿಯಾಗಿ 100. ನೂರು ಸುತ್ತು ಬಂದರೆ ವೇಗ ಸರಿ. 120 ಬಂದರೆ ಸೈಕಲ್ ತೊಂದರೆಯೇ, ಬೇರೆ ಅನುಮಾನ ಬೇಡ. ಮಕ್ಕಳಿಗೆ ಎಣಿಸಲು ಹೇಳಿ. ಇಂಥ ಕೆಲಸ ಅವರಿಗೆ ಇಷ್ಟ, ಕನ್ನಡದಲ್ಲಿ ನೂರರ ತನಕ ಎಣಿಸಿದ ಹಾಗೂ ಆಯಿತು. ಪರಿಹಾರ? ಗ್ಯಾರಾರ್ಡ್, ಡ್ಯುಯಲ್, ಥೋರೆನ್ಸ್ ಮುಂತಾದವರ ಹಲವು ಹಳೆಯ ಮಾದರಿಗಳಲ್ಲಿ ಮೋಟರಿನ ಶಾಫ್ಟಿನ ಮೇಲೆ ಒಂದು ಪುಟ್ಟ ಹಿತ್ತಾಳೆ ಪುಲ್ಲಿ ಇರುತ್ತದೆ. 60 ಸೈಕಲ್ಲಿಗೆಂದೇ ಮಾಡಿದ, ಸ್ವಲ್ಪ ಸಣ್ಣ ಸುತ್ತಳತೆಯ ಪುಲ್ಲಿ ಬೇರೆ ಬರುತ್ತದೆ, ಅದನ್ನು ಹಾಕಿದರೆ ಮುಗಿಯಿತು. ಅದು ಸಿಗದಿದ್ದರೆ ಊರಿನ ಪೆಟ್ಟಿಗೆಯನ್ನು ಷೋಕೇಸಿನಲ್ಲಿಟ್ಟು ಇಲ್ಲಿನದೇ ಒಂದು ಟರ್ನ್‌ಟೇಬಲ್ ಕೊಳ್ಳುವುದು ಜಾಣತನ. ಬ್ಯಾಟರಿಯಿಂದ ನಡೆಯುವ ಪುಟ್ಟ ಪ್ಲೇಯರುಗಳಿಗೆ ಮತ್ತು ತನ್ನ ವೇಗವನ್ನು ತಾನೇ ಸರ್ಕ್ಯೂಟಿನಲ್ಲಿ ನಿರ್ಧರಿಸಿಕೊಳ್ಳುವ ಡೈರೆಕ್ಟ್ ಡ್ರೈವ್ ಮಾದರಿಗಳಿಗೆ ಈ ಕಾಟವಿಲ್ಲ. ಊರಿಗೆ ಹಿಂತಿರುಗುವ ಯೋಚನೆಯಲ್ಲಿರುವವರು ಇದನ್ನೇ ತಿರುವಿ ಓದಿಕೊಳ್ಳಿ: ಇಲ್ಲಿನ ಹಳೆಯ ಟರ್ನ್‌ಟೇಬಲ್ ಬೆಂಗಳೂರಿನಲ್ಲಿ ಮೂರು ನಿಮಿಷಕ್ಕೆ 83 ಸುತ್ತು ಮಾತ್ರ ತಿರುಗಿ, ಎಲ್ಲ ಗಾಯಕರನ್ನೂ ನಿದ್ದೆಗಣ್ಣಿನಲ್ಲಿ ಹಾಡಿಸುತ್ತದೆ.

ಶ್ರುತಿ ಏರಿ ನಿಲ್ಲದೆ ಅಲೆದಾಡುತ್ತಿದ್ದರೆ ಕಾರಣ ಬೇರೆ. ಗಮಕವಿಲ್ಲದ ಕಡೆ ಗಮಕ ಕೇಳಿಸುತ್ತದೆ. ಸಡಿಲವಾದ ಬೆಲ್ಟು, ಗಟ್ಟಿಯಾದ ರಬ್ಬರ್ ಚಕ್ರ, ಹಳೇ ಬೆಲ್ಲದಂತೆ ಅಂಟಾದ ಗ್ರೀಸು, ಈ ಮೂರನ್ನು ನೋಡಿ. ಅಲೆ ಸರಿಯಾಗಿ 1.8 ಸೆಕೆಂಡಿಗೊಮ್ಮೆ ಬಂದರೆ ಅದು ಎಲ್.ಪಿ.ಯ ಒಂದು ಸುತ್ತಿನ ಕಾಲ. ಆ ರೆಕಾರ್ಡಿನ ತೂತೇ ನಡುವಿನಿಂದ ಸ್ವಲ್ಪ ಆಚೀಚೆ ಇರಬಹುದು, ಅಥವಾ ರೆಕಾರ್ಡು ಸೊಟ್ಟಗಿರಬಹುದು.

ಇನ್ನು ಮೊದಲ ಸ್ವರದಿಂದಲೇ, ಎಲ್ಲ ರೆಕಾರ್ಡಿನಲ್ಲೂ, ಜೋರಾಗಿ ದಪ್ಪಗೆ ದನಿ ಒಡೆಯುವುದು. ಊರಿನ ಪ್ಲೇಯರನ್ನು ಇಲ್ಲಿನ ರಿಸೀವರಿಗೆ ಜೋಡಿಸಿದ ಮನೆಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದು. ನಮ್ಮ ಹಳೆಯ ಪ್ಲೇಯರುಗಳಲ್ಲಿ ಬಹುಪಾಲು ಸಿರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಜ್ ಇರುತ್ತದೆ. ತೋಳಿನ ತುದಿಯಲ್ಲಿ ಎಲ್.ಪಿ., 78 ಎಂದು ತಿರುಗಿಸುವ ಪುಟ್ಟ ಹಿಡಿ ಕಂಡರೆ ಹೆಚ್ಚಾಗಿ ಅದೇ. ಅದು ಕೊಡುವುದು ಸುಮಾರು ಅರ್ಧ ವೋಲ್ಟ್. ಆದರೆ ರಿಸೀವರಿನಲ್ಲಿ ಫೋನೋ ಎಂದು ಬರೆದ ತೂತು ಕಾಯುತ್ತಿರುವುದು ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವ ಸುಮಾರು 5 ಮಿಲಿವೋಲ್ಟಿಗೆ. ನೂರು ಪಟ್ಟು ವ್ಯತ್ಯಾಸ! ಗುಟ್ಟು ಕೇಳಲು ಕಿವಿ ಹತ್ತಿರ ತಂದವನ ಕಿವಿಯಲ್ಲಿ ಶಂಖ ಊದಿದ ಹಾಗೆ. ಸಾಲದ್ದಕ್ಕೆ, ರೆಕಾರ್ಡಿನಲ್ಲಿ ಮಂದ್ರವನ್ನು ತಗ್ಗಿಸಿ ತಾರವನ್ನು ಹೆಚ್ಚಿಸಿ ಕೊರೆದಿರುತ್ತಾರೆ. 1954ರಿಂದ ಆರ್.ಐ.ಎ.ಎ. ಎಂಬ ನಿಯಮದ ಪ್ರಕಾರ ಇದು ನಡೆಯುತ್ತಿದೆ. ಫೋನೋ ತೂತಿನ ಹಿಂದಿರುವ ಸರ್ಕ್ಯೂಟು ಇದನ್ನು ತಿರುಗಾಮುರುಗಾ ಮಾಡಿ ಮಂದ್ರವನ್ನು ಮೇಲೆತ್ತುತ್ತದೆ. ಸಿರಾಮಿಕ್ ಕಾರ್ಟ್ರಿಜ್ ಈ ಕೆಲಸವನ್ನು ಸುಮಾರಾಗಿ ತಾನೇ ಮಾಡಿಕೊಂಡಿರುತ್ತದೆ. ಎರಡು ಸಲ ಎತ್ತಿದ ಮಂದ್ರ ಬರೀ ಗೊರಗೊರ. ಪಿನ್ನನ್ನು ಫೋನೋದಿಂದ ಕಿತ್ತು ಆಕ್ಸ್ ಎಂದು ಬರೆದ ತೂತಿಗೆ ಹಾಕಿ. ಒಡಕು ತಟ್ಟನೆ ಮಾಯವಾಗುತ್ತದೆ, ಖರ್ಚು ಸೊನ್ನೆ. ಮಂದ್ರ ತುಸು ತೆಳುವಾಗಬಹುದು, ಯಾಕೆಂದರೆ ಇಂಥ ಕಾರ್ಟ್ರಿಜ್‌ಗೆ ಸುಮಾರು 10 ಲಕ್ಷ ಓಮ್ ಇನ್‌ಪುಟ್ ಬೇಕು, ಆಕ್ಸ್ ಅಷ್ಟು ಕೊಡುವುದಿಲ್ಲ. ಅದಕ್ಕೊಂದು ಪುಟ್ಟ ಬಫರ್ ಸರ್ಕ್ಯೂಟು ಮಾಡಿಕೊಳ್ಳಬಹುದು. ಇದರ ಉಲ್ಟಾ ಕೇಸೂ ಉಂಟು: ಮ್ಯಾಗ್ನೆಟಿಕ್ ಕಾರ್ಟ್ರಿಜ್ ಆಕ್ಸ್‌ಗೆ ಹೋದರೆ ದನಿ ಸೊಳ್ಳೆಯ ಹಾಡಿನಂತೆ. ಈಚಿನ ಟರ್ನ್‌ಟೇಬಲ್‌ಗಳ ಬೆನ್ನಿಗೆ ಫೋನೋ, ಲೈನ್ ಎಂಬ ಸ್ವಿಚ್ ಇರುತ್ತದೆ. ಲೈನ್ ಎಂದಿಟ್ಟು ಫೋನೋ ತೂತಿಗೆ ಹಾಕಿದರೂ ಅದೇ ಶಂಖವಾದ್ಯ.

ಕ್ರಿಸ್ಟಲ್ ಎಂದೆನಲ್ಲ, ಅದು ನಿಜಕ್ಕೂ ಹರಳು, ರೋಶೆಲ್ ಉಪ್ಪು ಎಂಬುದರದ್ದು. ಉಪ್ಪು ಎಂದ ಮೇಲೆ ತೇವ ಅದರ ಶತ್ರು. ಮಲೆನಾಡಿನ ನಾಲ್ಕು ಮಳೆಗಾಲ ಅಟ್ಟದ ಮೇಲೆ ಕಳೆದ ಕ್ರಿಸ್ಟಲ್ ಕಾರ್ಟ್ರಿಜ್ ಕ್ಷೀಣವಾಗಿ, ಒಡಕಾಗಿ ಹಾಡಿದರೆ ರಿಪೇರಿಗೆ ಒದ್ದಾಡಬೇಡಿ. ಬದಲಿಸುವುದೊಂದೇ ದಾರಿ.

ಇಷ್ಟೆಲ್ಲ ಸರಿಯಿದ್ದೂ ಗಾಯಕರು ಮೇಲಿನ ಷಡ್ಜ ಮುಟ್ಟಿದಾಗ ಅಥವಾ "ಸ", "ಶ" ಬಂದಾಗ ಮಾತ್ರ ದನಿ ಸೀಳುತ್ತಿದ್ದರೆ ಮುಳ್ಳಿನ ಕಡೆ ತಿರುಗಿ. ಮೊದಲು ಮೆತ್ತನೆ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ವಜ್ರದ ಮುಳ್ಳಿನ ಆಯಸ್ಸು ಸುಮಾರು 500ರಿಂದ 1000 ಗಂಟೆ; ಅಗ್ಗದ ಪ್ಲೇಯರುಗಳ ನೀಲಮಣಿ ಮುಳ್ಳಿನದು ಅದರ ಒಂದು ಸಣ್ಣ ಪಾಲು. "ನಮ್ಮದು ಇಪ್ಪತ್ತು ವರ್ಷದಿಂದ ಮುಟ್ಟೇ ಇಲ್ಲ, ಹೊಸದರ ಹಾಗಿದೆ" ಎನ್ನುವವರಿದ್ದಾರೆ. ವಜ್ರಕ್ಕೆ ವಯಸ್ಸಾಗುವುದಿಲ್ಲ ನಿಜ, ಆದರೆ ಅದನ್ನು ಹಿಡಿದಿರುವ ಸಾಸಿವೆಕಾಳಿನಷ್ಟು ರಬ್ಬರಿಗೆ ಆಗುತ್ತದೆ. ಗಟ್ಟಿಯಾದ ರಬ್ಬರು ಮುಳ್ಳನ್ನು ಅಲ್ಲಾಡಲು ಬಿಡುವುದಿಲ್ಲ, ಮುಳ್ಳು ಗೋಡೆಗೆ ಗುದ್ದುತ್ತದೆ. ಎಷ್ಟು ಗಂಟೆ ಓಡಿದೆಯೆಂದು ತಿಳಿಯದ ಮುಳ್ಳನ್ನು ಬದಲಿಸಿಬಿಡಿ. ಈ ಇಡೀ ವ್ಯವಹಾರದಲ್ಲಿ ದುಡ್ಡು ಹಾಕಲೇಬೇಕಾದ ಜಾಗ ಯಾವುದಾದರೂ ಇದ್ದರೆ ಅದು ಇದೇ. ಚಿನ್ನದ ಲೇಪದ ಕೇಬಲ್ಲಿಗೆ ಹಾಕುವವರು ಹಾಕಲಿ.

ತೋಳಿನ ಭಾರದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಹಗುರವಾದಷ್ಟೂ ರೆಕಾರ್ಡಿಗೆ ಒಳ್ಳೆಯದು ಅಂದುಕೊಳ್ಳುತ್ತಾರೆ. ಭಾರ ಕಡಿಮೆಯಾದರೆ ಮುಳ್ಳು ಗೆರೆಯ ಎರಡೂ ಗೋಡೆಗಳನ್ನು ಹಿಡಿದು ಕೂರದೆ ಅತ್ತಿತ್ತ ನೆಗೆಯುತ್ತದೆ. ಒಂದೊಂದು ನೆಗೆತಕ್ಕೂ ಒಂದೊಂದು ಗುನ್ನ. ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಗ್ರಾಂ, ಹಳೆಯ ಸಿರಾಮಿಕ್‌ಗೆ ಅದರ ಎರಡರಷ್ಟು ಅಥವಾ ಇನ್ನೂ ಹೆಚ್ಚು. ತಯಾರಕರು 1.5ರಿಂದ 2 ಅಂದಿದ್ದರೆ ನಾನು 2ರ ಹತ್ತಿರ ಇಡುತ್ತೇನೆ. ಅಳೆಯಲು ಸಣ್ಣ ಡಿಜಿಟಲ್ ತಕ್ಕಡಿಗಳು ಸಿಗುತ್ತವೆ, ಅವನ್ನು ನಂಬುವ ಮೊದಲು ನಾಣ್ಯವಿಟ್ಟು ಪರೀಕ್ಷಿಸಿ: 1983 ಮತ್ತು ಆಮೇಲಿನ ಅಮೆರಿಕದ ಒಂದು ಸೆಂಟಿನ ನಾಣ್ಯ 2.5 ಗ್ರಾಂ, ಐದು ಸೆಂಟಿನದು 5 ಗ್ರಾಂ. ನಾಣ್ಯವನ್ನು ತಕ್ಕಡಿಯ ಮೇಲಿಡಿ, ಮುಳ್ಳಿನ ತಲೆಯ ಮೇಲಲ್ಲ! ಊರಿನಲ್ಲಿ ಮುಳ್ಳು ಜಾರಿದರೆ ನಾಲ್ಕಾಣೆ ಹೇರುತ್ತಿದ್ದ ಚಿಕಿತ್ಸೆ ರೋಗವನ್ನು ಮುಚ್ಚಿಟ್ಟು ರೆಕಾರ್ಡನ್ನು ತಿನ್ನುತ್ತದೆ. ಅಂಗಡಿಗಳಲ್ಲಿ ಸೂಟ್‌ಕೇಸಿನ ಆಕಾರದಲ್ಲಿ ಮುದ್ದಾಗಿ ಕಾಣುವ ಅಗ್ಗದ ಪ್ಲೇಯರುಗಳಿರುತ್ತವಲ್ಲ, ಅವುಗಳಲ್ಲಿ ಹಲವಕ್ಕೆ ಭಾರ ಹೊಂದಿಸುವ ಏರ್ಪಾಡೇ ಇಲ್ಲ. ಮಕ್ಕಳಿಗೆ ಆಡಲು ಕೊಡಿ, ಅಜ್ಜನ ರೆಕಾರ್ಡುಗಳನ್ನು ಕೊಡಬೇಡಿ.

ಎಲ್.ಪಿ.ಯ ಕೊನೆಯ ಹಾಡಿನಲ್ಲಿ ಮಾತ್ರ ಒಡಕು ಬರುವುದಕ್ಕೂ ಒಂದು ಲೆಕ್ಕ ಇದೆ. ಹೊರ ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಹರಿಯುತ್ತದೆ, ಲೇಬಲ್ ಹತ್ತಿರ 21 ಸೆಂ.ಮೀ. ಮಾತ್ರ. ಅದೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ ಮೇಲೆ ಮುಳ್ಳು ಕೂತ ಕೋನ ಸ್ವಲ್ಪ ತಪ್ಪಿದರೂ ಕೇಳಿಸಿಬಿಡುತ್ತದೆ. ಕಾರ್ಟ್ರಿಜ್ ಕೂರಿಸುವ ಕೋನಮಾಪಕ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ, ಅಳತೆ ಕುಗ್ಗದಂತೆ ಪ್ರಿಂಟ್ ಹಾಕಿಕೊಂಡು ಹೊಂದಿಸಿ.

ಕೊನೆಗೆ 78ರ ಪ್ಲೇಟುಗಳು. ಇವು ಪ್ಲಾಸ್ಟಿಕ್ ಅಲ್ಲ, ಅರಗು. ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ ಅದೇ ಅರಗು. ಕಲ್ಲಿನ ಪುಡಿ ಬೆರೆಸಿದ ಅರಗನ್ನು ಒತ್ತಿ ಮಾಡಿದ್ದು. ಆಲ್ಕೊಹಾಲ್ ಇರುವ ದ್ರವದಿಂದ ಒರೆಸಿದರೆ ಕರಗುತ್ತದೆ, ಕೈಜಾರಿದರೆ ಹಪ್ಪಳದಂತೆ ಒಡೆಯುತ್ತದೆ. ಇದರ ಗೆರೆ ಅಗಲ, ಮುಳ್ಳು ಸುಮಾರು 3 ಮಿಲ್, ಅಂದರೆ 76 ಮೈಕ್ರಾನ್ ಇರಬೇಕು. ಎಲ್.ಪಿ. ಮುಳ್ಳು ಬರೀ 18 ಮೈಕ್ರಾನ್. ಅದನ್ನು 78ರ ಮೇಲಿಟ್ಟರೆ ಬಾವಿಗೆ ಬಿದ್ದಂತೆ ತಳದಲ್ಲಿ ಕೂತು ಬರೀ ಕಸದ ಸದ್ದು ಓದುತ್ತದೆ. ಜನ ಕೇಳಿ "ಪ್ಲೇಟು ಹಾಳಾಗಿದೆ" ಅಂದುಬಿಡುತ್ತಾರೆ. ಪಾಪ, ಪ್ಲೇಟಿನ ತಪ್ಪೇನೂ ಇರುವುದಿಲ್ಲ. ಎಲ್.ಪಿ.ಯನ್ನು ಕೀಲಿ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳಿಗೆ ಕೊಡುವುದಂತೂ ಕೊಲೆಗೆ ಸಮ.

ನಿಜವಾಗಿ ಸವೆದ 78ಕ್ಕೂ ಆಸೆ ಬಿಡಬೇಕಿಲ್ಲ. ಹಿಂದಿನವರ ಮುಳ್ಳು ಗೋಡೆಯ ಒಂದು ಎತ್ತರದಲ್ಲಿ ಮಾತ್ರ ಓಡಿ ಸವೆಸಿರುತ್ತದೆ. 2.5 ಅಥವಾ 3.5 ಮಿಲ್ ಮುಳ್ಳು ಅದಕ್ಕಿಂತ ಕೆಳಗೋ ಮೇಲೋ, ಯಾರೂ ಮುಟ್ಟದ ಗೋಡೆಯ ಮೇಲೆ ಓಡುತ್ತದೆ. ಇನ್ನೊಂದು ಉಪಾಯ ಸ್ಟೀರಿಯೋ ಕಾರ್ಟ್ರಿಜ್‌ನದು. ಇವೆಲ್ಲ ಮೊನೊ ರೆಕಾರ್ಡುಗಳು, ಎರಡೂ ಗೋಡೆಗಳ ಮೇಲೆ ಇರುವುದು ಒಂದೇ ಹಾಡು. ಸ್ಟೀರಿಯೋ ಕಾರ್ಟ್ರಿಜ್ ಒಂದು ಗೋಡೆಯನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಕೊಡುತ್ತದೆ. ಗೋಡೆಗಳು ಸಮನಾಗಿ ಸವೆದಿರುವುದಿಲ್ಲ. ನಮ್ಮ ಕೂಟದ ಒಂದು ಮನೆಯಲ್ಲಿ ನಾಟಕದ ಹಾಡಿನ ಪ್ಲೇಟೊಂದು ಪೂರ್ತಿ ಒಡಕಾಗಿತ್ತು. ಎಡಗಡೆಯ ಪಿನ್ನು ಕಿತ್ತು ಬಲಗಡೆಯದನ್ನಷ್ಟೇ ಎರಡೂ ಸ್ಪೀಕರಿಗೆ ಕೊಟ್ಟಾಗ, ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅಜ್ಜಿ "ಈಗ ಸಾಹಿತ್ಯ ಕೇಳ್ತಿದೆ ನೋಡಿ" ಅಂದರು. ಹಾಡು ಅವರಿಗೆ ಬಾಯಿಪಾಠ ಇತ್ತು, ಸಾಲು ತಪ್ಪದೆ ಜೊತೆಗೇ ಹೇಳಿಕೊಂಡು ಹೋದರು.

ಹೀಗೆ ಒಂದು ಸಲ ಶುದ್ಧವಾಗಿ ನುಡಿದರೆ ಅದೇ ಸಲ ಕಂಪ್ಯೂಟರಿಗೆ ಇಳಿಸಿಬಿಡಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ರೆಕಾರ್ಡಿಂಗ್ ಮಟ್ಟ ಕೆಂಪು ಮುಟ್ಟದಂತೆ ಕೆಳಗಿಡಿ. ಮುಳ್ಳಿನಿಂದ ಉಳಿಸಿಕೊಂಡ ದನಿಯನ್ನು ಕಂಪ್ಯೂಟರಿನಲ್ಲಿ ಒಡೆದುಕೊಂಡರೆ ಏನು ಬಂತು? ವೇಗ ಸರಿಯಿಲ್ಲದ ಪ್ಲೇಯರಿನಲ್ಲೂ ಕೆಲಸ ಸಾಗುತ್ತದೆ: 40 ಸುತ್ತಿನಲ್ಲಿ ಇಳಿಸಿದ ಎಲ್.ಪಿ.ಗೆ ವೇಗವನ್ನು ಶೇಕಡ 16.67 ಇಳಿಸಿ. 78ರ ವೇಗವೇ ಇಲ್ಲದ ಹೊಸ ಟರ್ನ್‌ಟೇಬಲ್ ಆದರೆ 45ರಲ್ಲಿ ನುಡಿಸಿ, ಆಮೇಲೆ ಶೇಕಡ 73.33 ಏರಿಸಿ. ಮೂಲ ಫೈಲನ್ನು ಹಾಗೇ ಇಟ್ಟು ಪ್ರತಿಯ ಮೇಲೆ ಮಾತ್ರ ಕೈಯಾಡಿಸಿ.

ವಾಲ್ವ್ ಇರುವ ಹಳೆಯ ರೇಡಿಯೋಗ್ರಾಮ್ ಆದರೆ ಒಂದು ಎಚ್ಚರಿಕೆ: ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜು ಉಳಿದಿರಬಹುದು. ಅದರ ಹಿಂಬದಿ ಹಲಗೆಯನ್ನು ಬಿಚ್ಚಬೇಡಿ, ತಿಳಿದವರಿಗೆ ಕೊಡಿ.

ನನ್ನ ಹತ್ತಿರ 3 ಮಿಲ್ ಮುಳ್ಳಿನ ಕಾರ್ಟ್ರಿಜ್ ಒಂದಿದೆ. ಯಾರ ಮನೆಯಲ್ಲಾದರೂ 78ರ ಪ್ಲೇಟುಗಳಿದ್ದರೆ ಹೊಸ ಮುಳ್ಳಿಗೆ ದುಡ್ಡು ಹಾಕುವ ಮೊದಲು ಕೂಟದಲ್ಲಿ ಸಿಕ್ಕಾಗ ಹೇಳಿ. ಪ್ಲೇಟುಗಳನ್ನು ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬರಬೇಡಿ, ನಾನೇ ಬರುತ್ತೇನೆ. ಒಂದು ಲೋಟ ಕಾಫಿ ಸಾಕು.